ನಿತ್ಯದ ದುಡಿಮೆಯಲ್ಲಿ ದೇವಸಾನ್ನಿಧ್ಯ

ದೇವರು ಸರ್ವಾಂತರ್ಯಾಮಿ ಎಂಬ ಮಾತನ್ನು ನಾವೆಲ್ಲರೂ ಬಾಲ್ಯದಿಂದಲೇ ಕೇಳುತ್ತ ಬಂದಿದ್ದೇವೆ. ಪರೀಕ್ಷೆಯಲ್ಲಿ ಪ್ರಶ್ನೆ ಬಂದರೆ ಬರೆಯಲೂ ಬಲ್ಲೆವು. ಆದರೆ ಆ ಮಾತನ್ನು ನಂಬಿ ನಡೆಯುವವರು ನಮ್ಮಲ್ಲಿ ಎಷ್ಟು ಮಂದಿ? ನಮ್ಮ ಪಾಲಿಗೆ ದೇವರು ಭಾನುವಾರ ಇಗರ್ಜಿಯಲ್ಲಿರುತ್ತಾರೆ. ಹಬ್ಬದ ದಿನ ಮನೆಗೆ ಬರುತ್ತಾರೆ. ಕಾಯಿಲೆ ಕಸಾಲೆಯಾದಾಗ ನೆನಪಾಗುತ್ತಾರೆ. ಉಳಿದ ದಿನಗಳಲ್ಲಿ ಅವರ ದಾರಿ ಅವರಿಗೆ, ನಮ್ಮ ದಾರಿ ನಮಗೆ. ಇದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ಉಪದೇಶ ಮಾಡುವಷ್ಟು ವಯಸ್ಸಾಗಲಿ ಯೋಗ್ಯತೆಯಾಗಲಿ ನನಗಿಲ್ಲ. ನಾನೇ ತಪ್ಪಿ ನಡೆದ ಒಂದು ಸಂಗತಿಯನ್ನು ಹೇಳಿ, ಅದರಿಂದ ನನಗೆ ತೋರಿದುದನ್ನು ತಮ್ಮ ಮುಂದಿಡುತ್ತೇನೆ.

ನಮ್ಮ ಮನೆ ಆದಿ ಉಡುಪಿಯಲ್ಲಿ, ಮಲ್ಪೆಗೆ ಹೋಗುವ ಮಾರ್ಗದಿಂದ ಸ್ವಲ್ಪ ಒಳಗೆ. ತಂದೆಯವರು ಗಾರೆ ಕೆಲಸದವರು. ತಾಯಿಯವರು ಬೀಡಿ ಕಟ್ಟುತ್ತಾರೆ. ನಮ್ಮ ಕುಟುಂಬದಲ್ಲಿ ಕಾಲೇಜಿನ ಮೆಟ್ಟಲು ಹತ್ತಿದವನು ನಾನೇ ಮೊದಲಿಗ. ಮೊದಲನೆಯ ವರ್ಷಕ್ಕೆ ಸೇರುವಾಗ ಅರ್ಜಿಯಲ್ಲಿ ‘ತಾಯಿಯ ಉದ್ಯೋಗ’ ಎಂಬ ಅಂಕಣವಿತ್ತು. ಪಕ್ಕದಲ್ಲಿ ನಿಂತಿದ್ದ ಹುಡುಗನು ‘ಅಧ್ಯಾಪಕಿ’ ಎಂದು ಬರೆಯುತ್ತಿದ್ದುದು ಕಣ್ಣಿಗೆ ಬಿತ್ತು. ನಾನು ಕ್ಷಣಕಾಲ ತಡೆದು ‘ಗೃಹಿಣಿ’ ಎಂದು ಬರೆದೆ. ಆ ಅರ್ಜಿಯೊಡನೆ ಕಟ್ಟಿದ ಶುಲ್ಕವೋ ಬೀಡಿಯಿಂದಲೇ ಬಂದ ಹಣವಾಗಿತ್ತು.

ಅಂದು ರಾತ್ರಿ ಊಟವಾದ ಮೇಲೆ ಅಮ್ಮ ಎಂದಿನಂತೆ ಗೆರಸೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. ನೆನೆಸಿ ಕತ್ತರಿಸಿದ ಎಲೆ, ಹೊಗೆಸೊಪ್ಪಿನ ಪುಡಿ, ನೂಲು. ಕೈ ಓಡುತ್ತಿದ್ದಂತೆ ತುಟಿಗಳೂ ಅಲುಗುತ್ತಿದ್ದವು. ಜಪಸರ ಮಾತ್ರ ಗೋಡೆಯ ಮೊಳೆಯಲ್ಲಿತ್ತು. ಸರವಿಲ್ಲದೆ ಲೆಕ್ಕ ಇಡುವುದು ಹೇಗೆಂದು ಕೇಳಿದೆ. “ಒಂದು ಬೀಡಿಗೆ ಒಂದು ನಮನ, ಪುತಾ. ಐವತ್ತು ಮುಗಿಯುವಾಗ ಎರಡು ಕಟ್ಟು ಆಗ್ತದೆ” ಎಂದರು. ಇಪ್ಪತ್ತೈದು ಬೀಡಿಗೆ ಒಂದು ಕಟ್ಟು. ಜಪಸರದ ಐದು ಹತ್ತುಗಳಿಗೆ ಎರಡು ಕಟ್ಟು. ನಾನು ನಾಚಿ ಮರೆಮಾಡಿದ ಗೆರಸೆಯ ಬಳಿಯಲ್ಲಿಯೇ ದೇವರು ಇಷ್ಟು ವರ್ಷ ಕುಳಿತಿದ್ದರೇ ಎಂದು ಅಂದು ಮೊದಲ ಬಾರಿಗೆ ಅನ್ನಿಸಿತು. ಆ ರಾತ್ರಿ ನನಗೆ ಬೇಗನೆ ನಿದ್ರೆ ಬರಲಿಲ್ಲ.

ಯೋಚಿಸಿದರೆ ಕ್ರೈಸ್ತ ಮತದ ಮೂಲದಲ್ಲಿಯೇ ಈ ಮಾತಿದೆ. ಯೇಸುಸ್ವಾಮಿಯವರು ಬೆಳೆದುದು ನಜರೇತಿನ ಬಡಗಿಯ ಮನೆಯಲ್ಲಿ. ತಮ್ಮ ಬೋಧನೆಗೆ ಅವರು ಆರಿಸಿಕೊಂಡುದು ಬೀಜ ಬಿತ್ತುವವನನ್ನು, ಹಿಟ್ಟಿಗೆ ಹುಳಿ ಬೆರೆಸುವ ಹೆಂಗಸನ್ನು, ಕಳೆದ ನಾಣ್ಯಕ್ಕಾಗಿ ಮನೆ ಗುಡಿಸುವವಳನ್ನು. ಪುನರುತ್ಥಾನದ ಬಳಿಕ, ರಾತ್ರಿಯಿಡೀ ಬಲೆ ಬೀಸಿ ದಣಿದು ಬಂದ ಶಿಷ್ಯರಿಗಾಗಿ ಅವರು ದಡದಲ್ಲಿ ಕೆಂಡ ಮಾಡಿ ಮೀನು, ರೊಟ್ಟಿ ಸಿದ್ಧಪಡಿಸಿದ್ದರೆಂದು ಯೊವಾನ್ನರ ಶುಭಸಂದೇಶ ಹೇಳುತ್ತದೆ. ಮಲ್ಪೆಯ ದಕ್ಕೆಯನ್ನು ಬಲ್ಲ ನಮಗೆ ಈ ಚಿತ್ರವನ್ನು ಬೇರೆ ವಿವರಿಸಬೇಕೇ?

ಹದಿನೇಳನೆಯ ಶತಮಾನದಲ್ಲಿ ಪ್ಯಾರಿಸಿನ ಕಾರ್ಮೆಲ್ ಮಠವೊಂದರಲ್ಲಿ ಸಹೋದರ ಲಾರೆನ್ಸ್ ಎಂಬವರಿದ್ದರು. ಅವರು ಗುರುಗಳಲ್ಲ, ಪಂಡಿತರಲ್ಲ, ಮಠದ ಅಡುಗೆಯವರು. ಪ್ರಾರ್ಥನೆಯ ವೇಳೆಗೂ ಪಾತ್ರೆಗಳ ಗದ್ದಲದ ವೇಳೆಗೂ ತಮಗೆ ಭೇದವಿಲ್ಲ, ಎರಡರಲ್ಲಿಯೂ ದೇವರು ಜೊತೆಗಿದ್ದಾರೆ ಎಂಬುದು ಅವರ ಅನುಭವ. 1691ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಪತ್ರಗಳೂ ಸಂಭಾಷಣೆಗಳೂ ಪುಸ್ತಕವಾಗಿ ಲೋಕವನ್ನು ಸುತ್ತಿದವು.

ಅದೇ ಹೆಸರಿನ ಇನ್ನೊಬ್ಬರು ನಮ್ಮ ಜಿಲ್ಲೆಗೆಲ್ಲ ಪರಿಚಿತರು. ಕಾರ್ಕಳದ ಅತ್ತೂರಿನಲ್ಲಿ, 2016ರಲ್ಲಿ ಬಸಿಲಿಕವೆಂಬ ಪದವಿ ಪಡೆದ ಇಗರ್ಜಿಯ ಸಂತ ಲಾರೆನ್ಸರು. ಜನವರಿಯ ಜಾತ್ರೆಗೆ ಜಾತಿಮತಗಳ ಭೇದವಿಲ್ಲದೆ ಜನರು ಹೋಗಿ ಮೇಣದ ಬತ್ತಿ ಹಚ್ಚುತ್ತಾರೆ. ಈ ಸಂತರು 258ರಲ್ಲಿ ರೋಮಿನಲ್ಲಿ ಹುತಾತ್ಮರಾದವರು. ಧರ್ಮಸಭೆಯ ಭಂಡಾರವನ್ನು ಒಪ್ಪಿಸೆಂದು ಅಧಿಕಾರಿಗಳು ಕೇಳಿದಾಗ ಅವರು ಬಡವರನ್ನೂ ಅಂಗವಿಕಲರನ್ನೂ ಕರೆತಂದು ನಿಲ್ಲಿಸಿ, ಭಂಡಾರವೆಂದರೆ ಇವರೇ ಎಂದರಂತೆ. ಅವರಿಗೆ ಬತ್ತಿ ಹಚ್ಚಿ ಬಂದ ನಾನು ನನ್ನ ಮನೆಯ ಭಂಡಾರವನ್ನೇ ಅರ್ಜಿಯಲ್ಲಿ ಅಡಗಿಸಿದ್ದೆನಲ್ಲವೇ?

ಇದನ್ನೆಲ್ಲ ಕೇಳಿದ ಗೆಳೆಯನೊಬ್ಬನು, “ದೇವರು ಅಲ್ಲಿಯೇ ಇದ್ದಾರಾದರೆ ನಿನ್ನ ಅಮ್ಮನ ಬೆನ್ನುನೋವು, ಕೆಮ್ಮು ಏಕೆ ಮಾರಾಯ?” ಎಂದನು. ಪ್ರಶ್ನೆ ನ್ಯಾಯವಾದುದು. ಹೊಗೆಸೊಪ್ಪು ಸೇದುವವರಿಗೂ ಕಟ್ಟುವವರಿಗೂ ಕೇಡೆಂಬುದನ್ನು ನಾನೂ ಬಲ್ಲೆ. ದೇವರಿದ್ದಾರೆಂದು ಹೇಳಿ ಆ ನೋವನ್ನು ಪುಣ್ಯವೆಂದು ಕರೆದರೆ ಅದು ದೇವರಿಗೂ ಅಮ್ಮನಿಗೂ ಮಾಡುವ ಅನ್ಯಾಯ. ದೇವರನ್ನು ದುಡಿಯುವವರ ಬಳಿಯಲ್ಲಿ ಕಂಡವನು ಕೈಮುಗಿದು ಸುಮ್ಮನಾಗಲಾರನು. ಅವರ ಕೂಲಿ ಎಷ್ಟು, ಅವರಿಗೆ ಔಷಧವುಂಟೇ, ಇದಕ್ಕಿಂತ ಒಳ್ಳೆಯ ಕೆಲಸ ಸಿಕ್ಕೀತೇ ಎಂದು ಕೇಳಬೇಕಾಗುತ್ತದೆ. ಅಮ್ಮನ ನೋವಿಗೆ ಕಾರಣವನ್ನು ನಾನು ಹೇಳಲಾರೆ. ಆದರೆ ದೇವಸಾನ್ನಿಧ್ಯವು ನಮಗೆ ಸಮಾಧಾನಕ್ಕಿಂತ ಮೊದಲು ಹೊಣೆಯನ್ನು ಕೊಡುತ್ತದೆಂಬುದು ನನಗೆ ಅರ್ಥವಾಗಿದೆ.

ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಇಗರ್ಜಿಯಲ್ಲಿ ಹೊಸ ತೆನೆಯನ್ನು ಆಶೀರ್ವದಿಸಿ ಹಂಚುತ್ತಾರೆ. ನಮಗೆ ಗದ್ದೆಯಿಲ್ಲ, ಆದರೂ ನಮಗೊಂದು ತೆನೆ ಸಿಗುತ್ತದೆ. ಅದರ ಕಾಳುಗಳನ್ನು ಸುಲಿದು ಪಾಯಸಕ್ಕೆ ಸೇರಿಸಿ ಎಲ್ಲರೂ ಕೂಡಿ ಉಣ್ಣುತ್ತೇವೆ. ನೆರೆಯ ಹಿಂದೂ ಮನೆಗಳಲ್ಲಿಯೂ ತೆನೆ ಕಟ್ಟಿ ಹೊಸ ಅಕ್ಕಿ ಊಟ ಮಾಡುವ ಪದ್ಧತಿಯುಂಟು. ಯಾರೋ ಕೆಸರಿನಲ್ಲಿ ನಿಂತು ನೆಟ್ಟುದು ನಮ್ಮ ಬಾಯಿಗೆ ಪ್ರಸಾದವಾಗಿ ಬರುತ್ತದೆ. ವರ್ಷಕ್ಕೊಮ್ಮೆ ಕಾಣುವ ಈ ಸತ್ಯವನ್ನು ದಿನದಿನವೂ ಕಾಣಲು ಕಲಿಯಬೇಕೆಂಬುದಷ್ಟೇ ನನ್ನ ವಿನಂತಿ.

ಈ ವರ್ಷವೂ ಅರ್ಜಿಯಲ್ಲಿ ಅದೇ ಅಂಕಣವಿತ್ತು. ‘ಬೀಡಿ ಕಾರ್ಮಿಕೆ’ ಎಂದು ಬರೆದೆ. ಗುಮಾಸ್ತರು ಓದಿ, ಮುದ್ರೆ ಒತ್ತಿ, ಮುಂದಿನವನನ್ನು ಕರೆದರು, ಅಷ್ಟೇ. ಸಹಪಾಠಿಗಳೇ, ಆ ಅಂಕಣದ ಮುಂದೆ ಲೇಖನಿ ತಡೆದವರು ನಿಮ್ಮಲ್ಲಿಯೂ ಕೆಲವರಿರಬಹುದು. ಇಂದು ಸಂಜೆ ಮನೆಗೆ ಹೋದಾಗ, ನಿಮ್ಮ ಶುಲ್ಕ ಕಟ್ಟಿದ ಕೈಗಳನ್ನು ಒಮ್ಮೆ ನೋಡಿರಿ.