ಹಳಿ ಯಾರಿಗೆ, ಹಳ್ಳ ಯಾರಿಗೆ?

ಅಂಗಡಿ ಮುಂದೆ ರಸ್ತೆ ಅಗೆದು ಹೋದವರು ತಿರುಗಿ ಬಾರದಿದ್ದರೆ ಏನಾಗುತ್ತದೆ ಅನ್ನೋದನ್ನು ಯಾವ ವ್ಯಾಪಾರಸ್ಥನಿಗೂ ಹೇಳಿಕೊಡಬೇಕಾಗಿಲ್ಲ. ಗಿರಾಕಿ ಹಲಗೆ ದಾಟಿ ಬರುವುದಿಲ್ಲ. ಸರಕಿನ ಗಾಡಿ ಹತ್ತಿರ ಸುಳಿಯುವುದಿಲ್ಲ. ಬಾಡಿಗೆ ಮಾತ್ರ ತಿಂಗಳು ತಿಂಗಳು ತಪ್ಪದೆ ಬಂದು ಬಾಗಿಲು ತಟ್ಟುತ್ತದೆ. ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರೋದ ಲೀತ್ ವಾಕ್ ಎಂಬ ಬೀದಿಯ ಅಂಗಡಿಯವರು ಈ ಭಾಗ್ಯವನ್ನು ಒಂದಲ್ಲ, ಎರಡು ಸಲ ಕಂಡರು. ಎರಡು ಸಲವೂ ಕಾರಣ ಟ್ರಾಮು. ಇಷ್ಟಾದ ಮೇಲೂ 2025ರಲ್ಲಿ ಹಳಿಯನ್ನು ಇನ್ನೊಂದು ದಿಕ್ಕಿಗೆ ಎಳೆಯುವ ಮಾತೆದ್ದಾಗ ಊರೆಲ್ಲಾ ಚರ್ಚಿಸಿದ್ದು ದಾರಿ ಯಾವುದು, ದುಡ್ಡು ಎಷ್ಟು ಎಂಬುದನ್ನೇ. ಹಳ್ಳದ ಬಾಯಲ್ಲಿ ಕೂತು ವ್ಯಾಪಾರ ಮಾಡುವವನ ಲೆಕ್ಕ ಹಿಂದಕ್ಕೇ ಉಳಿಯಿತು.

ಲೀತ್ ಹಳೆಯ ಬಂದರು ಊರು. 1920ರವರೆಗೆ ಅದರ ಪುರಸಭೆಯೇ ಬೇರೆ, ದರ್ಬಾರೇ ಬೇರೆ. 1871ರಲ್ಲಿ ಎಡಿನ್‌ಬರೋದ ಮೊದಲ ಕುದುರೆ ಟ್ರಾಮು ಓಡಿದ್ದು ಲೀತ್ ಕಡೆಗೇ. ಆಮೇಲೆ ಲೀತಿನವರು 1905ರಲ್ಲಿ ವಿದ್ಯುತ್ ಟ್ರಾಮು ತಂದರು. ಎಡಿನ್‌ಬರೋದವರು ನೆಲದಡಿಯ ಉಕ್ಕಿನ ಹಗ್ಗ ಎಳೆಯುವ ಟ್ರಾಮಿಗೇ ಜೋತುಬಿದ್ದರು. ಒಂದರ ಗಾಡಿ ಇನ್ನೊಂದರ ಹಳಿಯ ಮೇಲೆ ಓಡುವಂತಿಲ್ಲ. ಹಾಗಾಗಿ ಗಡಿಯಾದ ಪಿಲ್ರಿಗ್‌ನಲ್ಲಿ ಎಲ್ಲರೂ ಇಳಿದು, ಮಳೆಯಿರಲಿ ಚಳಿಯಿರಲಿ, ಇನ್ನೊಂದು ಗಾಡಿ ಹತ್ತಬೇಕಿತ್ತು. 1922ರವರೆಗೂ ನಡೆದ ಈ ರಾದ್ಧಾಂತಕ್ಕೆ ಜನ ಪಿಲ್ರಿಗ್ ಗೊಂದಲ ಅಂತಲೇ ಹೆಸರಿಟ್ಟಿದ್ದರು. 1956ರ ನವೆಂಬರಿನಲ್ಲಿ ಟ್ರಾಮೇ ನಿಂತಿತು. ಬಸ್ಸು ಬಂತು, ಜನ ಒಗ್ಗಿಕೊಂಡರು.

ಐವತ್ತು ವರ್ಷದ ಮೇಲೆ ನಗರಸಭೆಗೆ ಟ್ರಾಮಿನ ನೆನಪು ಮರುಕಳಿಸಿತು. ವಿಮಾನ ನಿಲ್ದಾಣದಿಂದ ಊರ ನಡುವೆ ಹಾದು, ಲೀತ್ ದಾಟಿ, ಸಮುದ್ರ ದಂಡೆಯ ನ್ಯೂಹೇವನ್ ತಲುಪುವ ಹಳಿ. ಮೊದಲ ಅಂದಾಜು 37 ಕೋಟಿ 50 ಲಕ್ಷ ಪೌಂಡು. ಇಡೀ ದಾರಿಗೆ ಬೇಕಾದ 27 ಗಾಡಿಗಳನ್ನೂ ಕೊಂಡದ್ದಾಯಿತು. ಲೀತ್ ವಾಕ್ ಅಗೆದು ನೀರಿನ ಕೊಳವೆ, ಗ್ಯಾಸಿನ ಕೊಳವೆ, ಟೆಲಿಫೋನ್ ತಂತಿ ಎಲ್ಲ ಪಕ್ಕಕ್ಕೆ ಸರಿಸಿದರು. ಅಷ್ಟರಲ್ಲಿ ನಗರಸಭೆಯ ಟ್ರಾಮು ಕಂಪನಿಗೂ ಗುತ್ತಿಗೆದಾರರಿಗೂ ಜಟಾಪಟಿ. ದುಡ್ಡು ನೀರಿನಂತೆ ಹರಿಯಿತು. 2011ರ ಆಗಸ್ಟಿನಲ್ಲಿ ಹಳಿಯನ್ನು ಊರ ಮಧ್ಯಕ್ಕೂ ತರದೆ ಹೇಮಾರ್ಕೆಟ್‌ನಲ್ಲೇ ನಿಲ್ಲಿಸೋಣ ಎಂದು ಸದಸ್ಯರು ಕೈಯೆತ್ತಿದರು. ಹಾಗಾದರೆ ಉಳಿದ ದುಡ್ಡು ಕೊಡೋದಿಲ್ಲ ಎಂದು ಸ್ಕಾಟ್ಲೆಂಡ್ ಸರ್ಕಾರ ಗದರಿಸಿದ್ದೇ ತಡ, ಸೆಪ್ಟೆಂಬರ್ ಮೊದಲ ವಾರದೊಳಗೆ ಅದೇ ಕೈಗಳು ಉಲ್ಟಾ ಎದ್ದವು. ಅಂತೂ 2014ರ ಮೇ 31ರಂದು ಟ್ರಾಮು ಓಡಿತು. ಆದರೆ ಯಾರ್ಕ್ ಪ್ಲೇಸ್ ತನಕ ಮಾತ್ರ! ಖರ್ಚು 77 ಕೋಟಿ 60 ಲಕ್ಷ ಪೌಂಡು. ಅರ್ಧದಾರಿಗೆ ಇಮ್ಮಡಿ ದುಡ್ಡು. ಲೀತಿನವರಿಗೆ ಸಿಕ್ಕಿದ್ದು ಹಳ್ಳ, ಧೂಳು, ಮತ್ತೆ ಮುಚ್ಚಿದ ರಸ್ತೆ. ಹಳಿ ಇಲ್ಲ.

ಹೀಗಿರುವಾಗ ಉಳಿದ ದಾರಿಯನ್ನು ಪೂರ್ತಿ ಮಾಡೋಣ ಎಂದು ನಗರಸಭೆ ಮತ್ತೆ ಎದ್ದರೆ ಜನ ಸುಮ್ಮನಿರುತ್ತಾರೆಯೇ? 2017ರಲ್ಲಿ ಸುಮಾರು 16 ಕೋಟಿ 50 ಲಕ್ಷ ಎಂದಿದ್ದ ವಿಸ್ತರಣೆ 2019ರ ಹೊತ್ತಿಗೆ 20 ಕೋಟಿ 70 ಲಕ್ಷ ಪೌಂಡಿಗೆ ಏರಿತ್ತು. ಐದು ಕಿಲೋಮೀಟರಿಗೂ ಕಡಿಮೆ ದಾರಿ, ಎಂಟು ನಿಲ್ದಾಣ. ಮೊದಲ ಸಲ ಎಲ್ಲಿ ಎಡವಿದರು ಎಂದು ತಿಳಿಯಲು 2014ರಲ್ಲೇ ನ್ಯಾಯಾಧೀಶ ಲಾರ್ಡ್ ಹಾರ್ಡಿಯವರ ವಿಚಾರಣೆ ಕೂತಿತ್ತು. ವರದಿ ಬರಲಿ, ಆಮೇಲೆ ಗುದ್ದಲಿ ಹಿಡಿಯಿರಿ ಎಂದರು ವಿರೋಧಿಗಳು. ಈ ಮಾತಿನಲ್ಲಿ ತಪ್ಪೇನಿತ್ತು? ಬಿದ್ದವನು ಎಡವಿದ ಕಲ್ಲು ನೋಡದೆ ಓಡಿದರೆ ಮತ್ತೆ ಬೀಳದಿರುತ್ತಾನೆಯೇ?

ಆದರೆ ನಗರಸಭೆ ಕಾಯಲಿಲ್ಲ. 2019ರ ಮಾರ್ಚಿನಲ್ಲಿ ಒಪ್ಪಿಗೆ ಕೊಟ್ಟೇ ಬಿಟ್ಟಿತು. ವರದಿ ಬಂದದ್ದು 2023ರ ಸೆಪ್ಟೆಂಬರಿನಲ್ಲಿ, ಒಂಬತ್ತು ವರ್ಷದ ಮೇಲೆ, 1 ಕೋಟಿ 30 ಲಕ್ಷ ಪೌಂಡು ತಿಂದು. ಟ್ರಾಮು ನ್ಯೂಹೇವನ್ ಮುಟ್ಟಿ ಆಗಲೇ ಮೂರು ತಿಂಗಳಾಗಿತ್ತು! ಕಾದಿದ್ದರೆ ಲೀತಿನವರ ಮೊಮ್ಮಕ್ಕಳು ಹತ್ತುತ್ತಿದ್ದರೋ ಏನೋ. ಕಾಯದೆ ಇದ್ದದ್ದು ಸರಿಯೇ ಆಯಿತು, ಆದರೆ ಅದರಲ್ಲಿ ಅದೃಷ್ಟದ ಪಾಲೂ ಇತ್ತು.

ಬಸ್ಸಿನವರ ವಾದವನ್ನೂ ತಳ್ಳಿಹಾಕುವಂತಿಲ್ಲ. ಲೀತ್ ವಾಕ್‌ನಲ್ಲಿ 22ನೇ ನಂಬರಿನ ಬಸ್ಸು ಮೊದಲಿಂದಲೂ ತುಂಬಿ ಓಡುವ ಬಸ್ಸು. ಲೋಥಿಯನ್ ಬಸ್ ಕಂಪನಿಯ ಹೆಚ್ಚಿನ ಪಾಲು ನಗರಸಭೆಯದೇ. ಚೆನ್ನಾಗಿ ಓಡುವ ಬಸ್ಸಿದ್ದಾಗ ಹಳಿ ಯಾಕೆ ಎಂದು ಜನ ಕೇಳಿದರು. ಒಂದು ಟ್ರಾಮಿನಲ್ಲಿ ಕೂತು ನಿಂತು 250 ಜನ ಹೋಗಬಹುದು. ಯಾವ ಡಬಲ್ ಡೆಕ್ಕರಿಗೂ ಅದು ಸಾಧ್ಯವಿಲ್ಲ. ಗಾಡಿಗಳಂತೂ ಹಿಂದೆಯೇ ಕೊಂಡು ಬಿದ್ದಿದ್ದವು. ಈ ಉತ್ತರ ಗಟ್ಟಿಯಾದದ್ದೇ. ಗಟ್ಟಿಯಲ್ಲದ್ದು ದುಡ್ಡಿನ ಲೆಕ್ಕ. ಸಾಲ ಮಾಡಿ, ಮುಂದಿನ ಟಿಕೆಟಿನ ದುಡ್ಡಲ್ಲಿ ತೀರಿಸುವುದು; ಜೊತೆಗೆ ಬಸ್ ಕಂಪನಿಯಿಂದ 2 ಕೋಟಿ ಪೌಂಡು ವಿಶೇಷ ಲಾಭಾಂಶ ಪಡೆಯುವುದು ಎಂದು 2019ರ ಲೆಕ್ಕದಲ್ಲಿ ಬರೆದಿದ್ದರು. ಅಂದರೆ ಟ್ರಾಮು ಹತ್ತದ ಬಸ್ ಪ್ರಯಾಣಿಕನ ಜೇಬಿಗೂ ಕೈ. ಅವನನ್ನು ಕೇಳಿದವರಾರು?

ಎರಡನೇ ಅಗೆತದಲ್ಲಿ ಬುದ್ಧಿ ಬಂದಿತ್ತು ಎನ್ನಬೇಕು. ಒಂದು ಜಾಗವನ್ನು ಒಮ್ಮೆ ಅಗೆದರೆ ಎಲ್ಲ ಕೆಲಸ ಮುಗಿಸಿಯೇ ಮುಚ್ಚುವುದು, ಮತ್ತೆ ಮತ್ತೆ ಕೆದಕುವುದಿಲ್ಲ ಎಂಬ ಕಟ್ಟಳೆ. ಸರಕು ಇಳಿಸಿ ಅಂಗಡಿಗೆ ಮುಟ್ಟಿಸಲು ಬೇರೆ ಜಾಗ. ನಷ್ಟಕ್ಕೆ ಒಳಗಾದ ವ್ಯಾಪಾರಕ್ಕೆಂದು 24 ಲಕ್ಷ ಪೌಂಡಿನ ನೆರವು. (ಅಗೆಯುತ್ತಾ ಹೋದಾಗ ಸೌತ್ ಲೀತ್ ಚರ್ಚಿನ ಮುಂದೆ 360ಕ್ಕೂ ಹೆಚ್ಚು ಮಂದಿಯ ಅಸ್ಥಿಗಳು ಸಿಕ್ಕವು, ಕೆಲವು 14ನೇ ಶತಮಾನದವು. ಸತ್ತವರಿಗಾದರೂ ಗೌರವದಿಂದ ಜಾಗ ಬಿಡಿಸಿದರು.) ಕೋವಿಡ್ ಬಂದು 2020ರಲ್ಲಿ ಕೆಲಸ ಕೆಲ ಕಾಲ ನಿಂತರೂ, 2023ರ ಜೂನ್ 7ರಂದು ಟ್ರಾಮು ಓಡಿತು. ಖರ್ಚು ಹೇಳಿದಷ್ಟರೊಳಗೇ ನಿಂತಿತು. ಮೊದಲ ಸಲದ ಅವಾಂತರ ಕಂಡವರಿಗೆ ಇದೇ ಒಂದು ಪವಾಡ.

ಆ 24 ಲಕ್ಷವನ್ನು ಮಾತ್ರ ಸ್ವಲ್ಪ ಬಿಡಿಸಿ ನೋಡಬೇಕು. 20 ಕೋಟಿ 70 ಲಕ್ಷದಲ್ಲಿ 24 ಲಕ್ಷವೆಂದರೆ ನೂರು ಪೌಂಡಿಗೆ ಒಂದು ಪೌಂಡಿಗಿಂತ ತುಸು ಮೇಲು. ಕಬ್ಬಿಣಕ್ಕೆ ಲೆಕ್ಕ ಉಂಟು, ಕಾಂಕ್ರೀಟಿಗೆ ಲೆಕ್ಕ ಉಂಟು, ಸಾಲದ ಬಡ್ಡಿಗೂ ಉಂಟು. ಮೂರುವರೆ ವರ್ಷ ಬೇಲಿಯ ಹಿಂದೆ ಬಾಗಿಲು ತೆರೆದು ಕೂತವನಿಗೆ ನೂರರಲ್ಲಿ ಒಂದು. ಅದೂ ಹಕ್ಕಿನಿಂದಲ್ಲ, ನೆರವು ಎಂಬ ಹೆಸರಿನಲ್ಲಿ. ಹಕ್ಕಾದರೆ ಕೇಳಿ ಪಡೆಯಬಹುದು, ನೆರವಾದರೆ ಕೈಕಟ್ಟಿ ನಿಲ್ಲಬೇಕು. ವ್ಯಾಪಾರಿಗಳು ಕೇಳುವುದು ಇದನ್ನೇ ಹೊರತು ಹಳಿ ಬೇಡ ಎಂದಲ್ಲ. ಹಳಿ ಬಂದ ಮೇಲೆ ಜನವೂ ಬಂದರು: 2019ರಲ್ಲಿ 75 ಲಕ್ಷದ ಆಸುಪಾಸು ಇದ್ದ ವರ್ಷದ ಪ್ರಯಾಣ 2024ರಲ್ಲಿ 1 ಕೋಟಿ 20 ಲಕ್ಷದಷ್ಟಾಯಿತು. ಆ ಜನ ಅಂಗಡಿಗೂ ಬರುತ್ತಾರೆ ನಿಜ. ಅಷ್ಟರಲ್ಲಿ ಬೀಗ ಹಾಕಿ ಹೋದವನ ಅಂಗಡಿಗೆ ಬರುತ್ತಾರೆಯೇ?

ಇನ್ನು 2025ರ ಆಗಸ್ಟಿನಲ್ಲಿ ನಗರಸಭೆ ಜನರ ಮುಂದಿಟ್ಟ ಹೊಸ ಯೋಜನೆ. ಉತ್ತರದ ಗ್ರಾಂಟನ್‌ನಿಂದ ದಕ್ಷಿಣದ ದೊಡ್ಡ ಆಸ್ಪತ್ರೆಯ ಕಡೆಗೆ ಹಳಿ. ಉತ್ತರದ ಭಾಗಕ್ಕೆ ಎರಡು ದಾರಿ. ಒಂದು, ಹಳೆ ರೈಲುಹಳಿ ಕಿತ್ತ ಜಾಗದಲ್ಲಿ ಈಗ ಮರಗಳ ನಡುವೆ ಜನ ನಡೆಯುವ, ಸೈಕಲ್ ತುಳಿಯುವ ರೋಸ್‌ಬರ್ನ್ ಹಾದಿ. ಇನ್ನೊಂದು, ಆರ್ಚರ್ಡ್ ಬ್ರೇ ರಸ್ತೆ ಹಿಡಿದು, ಎಂಜಿನಿಯರ್ ಥಾಮಸ್ ಟೆಲ್ಫರ್ಡ್ ಕಟ್ಟಿದ ಹಳೆಯ ಡೀನ್ ಸೇತುವೆ ದಾಟಿ ಹೋಗುವುದು. ಹಾದಿ ಹಿಡಿದರೆ ಮರ ಹೋಗುತ್ತದೆ ಎಂದು ನಡೆಯುವವರ ಕೂಗು. ರಸ್ತೆ ಹಿಡಿದರೆ ಸಂಚಾರ ಕಟ್ಟುತ್ತದೆ, ಸೇತುವೆಯ ಗತಿಯೇನು ಎಂದು ಇನ್ನೊಂದು ಕಡೆಯ ಕೂಗು. ಹಾದಿಯಲ್ಲಿ ಅಗೆದರೆ ಅಡ್ಡ ಬರುವ ಅಂಗಡಿಯೂ ಇಲ್ಲ, ಬಸ್ಸೂ ಇಲ್ಲ. ಕಾಗದದ ಮೇಲೆ ಅದೇ ಸಲೀಸು. ಆದರೆ ಟ್ರಾಮು ಹತ್ತುವ ಜನ ಇರುವುದು ಮನೆ, ಅಂಗಡಿ, ಕಚೇರಿ ಇರುವ ಬೀದಿಯಲ್ಲಿ. ಹಳಿ ಅಲ್ಲಿಗೇ ಹೋಗುವುದು ನ್ಯಾಯ. ಹೋಗುವುದಾದರೆ ಆ ಬೀದಿಯ ಪ್ರತಿಯೊಂದು ಅಂಗಡಿಯ ಹಿಂದಿನ ಮೂರು ವರ್ಷದ ವಹಿವಾಟನ್ನು ಅಗೆಯುವ ಮೊದಲೇ ಬರೆದಿಟ್ಟುಕೊಂಡು, ಕಡಿಮೆಯಾದಷ್ಟನ್ನು ತುಂಬಿಕೊಡುವ ಮೊತ್ತವನ್ನು ಕಬ್ಬಿಣ ಕಾಂಕ್ರೀಟಿನ ಪಕ್ಕದಲ್ಲೇ ಅಂದಾಜುಪಟ್ಟಿಯಲ್ಲಿ ಸೇರಿಸಲಿ. ಸದಸ್ಯರು ಕೈಯೆತ್ತುವ ದಿನ ಆ ಪಟ್ಟಿ ಮೇಜಿನ ಮೇಲಿರಲಿ.