ಇದ್ದದ್ದು ಇದ್ದ ಹಾಗೆ

ಆಫೀಸಿನ ಕೆಲಸ ಮುಗಿಸಿ ಲ್ಯಾಪ್‌ಟಾಪ್ ಮುಚ್ಚಿದ ಮೇಲೆ, ರಾತ್ರಿ ಊಟ ಆಗಿ ಮತ್ತೆ ಅದನ್ನೇ ತೆರೆದು ಕೂರೋದು ನೋಡಿ ಮನೆಯವರು ಬೈತಾರೆ. ಈ ಸಲ ಮಾಡೋ ಕೆಲಸಕ್ಕೆ ಸಂಬಳ ಇಲ್ಲ. ಇಂಗ್ಲೆಂಡಿನ ಯಾವುದೋ ಹಳ್ಳಿಯ ಚರ್ಚಿನಲ್ಲಿ ಹೂಳಿದವರ ಹೆಸರುಗಳನ್ನು ಟೈಪ್ ಮಾಡೋದು!

ಪ್ರಾಜೆಕ್ಟ್ ಮೇಲೆ ಒಂದು ವರ್ಷ ಅಲ್ಲಿದ್ದಾಗ ಅಂಟಿದ ಚಟ ಇದು. ಜೊತೆಗೆ ಕೆಲಸ ಮಾಡುತ್ತಿದ್ದ ಹಿರಿಯ ಹೆಂಗಸೊಬ್ಬರು ತಮ್ಮ ಮುತ್ತಜ್ಜಿಯ ತಾಯಿಯನ್ನು ಹುಡುಕುತ್ತಿದ್ದರು. ಫ್ರೀರೆಗ್ ಅನ್ನೋ ಯೋಜನೆಯ ಬಗ್ಗೆ ಹೇಳಿದ್ದು ಅವರೇ. ಹಳೆಯ ಚರ್ಚುಗಳ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರದ ಪುಸ್ತಕಗಳನ್ನು ಸ್ವಯಂಸೇವಕರು ಓದಿ ಟೈಪ್ ಮಾಡ್ತಾರೆ, ತಮ್ಮ ವಂಶ ಹುಡುಕುವವರು ಅದನ್ನು ದುಡ್ಡು ಕೊಡದೆ ನೋಡಬಹುದು. ಅಲ್ಲಿ ಇಂಥ ಪುಸ್ತಕ ಇಡಬೇಕು ಅಂತ ಆಜ್ಞೆ ಆಗಿದ್ದು 1538ರಲ್ಲಿ. 1813ರಿಂದ ಶವಸಂಸ್ಕಾರಕ್ಕೆ ಅಚ್ಚು ಹಾಕಿದ ಪುಸ್ತಕ ಬಂತು. ಪುಟಕ್ಕೆ ಎಂಟು ಜನ. ಹೆಸರು, ವಾಸದ ಊರು, ಹೂಳಿದ ದಿನ, ವಯಸ್ಸು, ಪಾದ್ರಿಯ ಸಹಿ, ಅಷ್ಟೇ.

ಕೆಲಸಕ್ಕೆ ಮುಖ್ಯವಾದ ನಿಯಮ ಒಂದೇ. ಪುಸ್ತಕದಲ್ಲಿ ಹೇಗಿದೆಯೋ ಹಾಗೇ ಬರೀಬೇಕು, ತಿದ್ದಬಾರದು. ಅಣ್ಣನ ಮನೆತನದ ಹೆಸರಿಗೆ ಒಂದು ಸ್ಪೆಲಿಂಗು, ತಮ್ಮನಿಗೆ ಇನ್ನೊಂದು ಇದ್ರೂ ನಾವು ಸರಿಮಾಡೋ ಹಾಗಿಲ್ಲ. ಒಂದು ಅಕ್ಷರ ಓದೋಕಾಗದಿದ್ರೆ ಅಲ್ಲಿ ಅಡಿಗೆರೆ, ಹಲವು ಅಕ್ಷರ ಹೋಗಿದ್ರೆ ನಕ್ಷತ್ರದ ಗುರುತು. ದಿನವಿಡೀ ತಪ್ಪು ಡೇಟಾ ಸರಿಮಾಡೋದೇ ಉದ್ಯೋಗ ಆಗಿರೋ ನನ್ನಂಥವನಿಗೆ ಮೊದಮೊದಲು ಕೈ ಕಟ್ಟಿದ ಹಾಗಾಗ್ತಿತ್ತು.

ವಯಸ್ಸಿನ ಕಾಲಂ ಮಾತ್ರ ಯಾಕೋ ಕಷ್ಟ. ಎಪ್ಪತ್ತು, ನಲವತ್ತು ಅಂತ ಬರ್ತಾ ಇದ್ದದ್ದು ಇದ್ದಕ್ಕಿದ್ದಂತೆ 5 ತಿಂಗಳು, 3 ವಾರ. ಪುಟಕ್ಕೆ ಒಂದೋ ಎರಡೋ ಇಂಥವು ಸಿಕ್ಕೇ ಸಿಗ್ತವೆ.

ಕಳೆದ ತಿಂಗಳು ಅಜ್ಜಿ ಊರಿನಿಂದ ಬಂದಿದ್ದರು. ನಮ್ಮದು ಅರಸೀಕೆರೆ ಕಡೆ. ಎಂಬತ್ತನಾಲ್ಕು ವಯಸ್ಸು, ನಿದ್ದೆ ಕಮ್ಮಿ. ಪಕ್ಕ ಬಂದು ಕೂತರು.

"ಏನಪ್ಪಾ ಅದು?"

"ಸತ್ತೋರ ಪಟ್ಟಿ ಅಜ್ಜಿ."

"ಬಿಡ್ತು ಅನ್ನು! ನಮ್ಮೋರಾ?"

"ಅಲ್ಲ, ಇಂಗ್ಲೆಂಡಿನೋರು. ನೂರೈವತ್ತು ವರ್ಷದ ಹಿಂದಿನೋರು. ಅವರ ಮೊಮ್ಮಕ್ಕಳ ಮೊಮ್ಮಕ್ಕಳು ಹುಡುಕ್ತಾರೆ ಅಂತ ಬರೀತೀವಿ. ನೋಡು, ಇದು ಹನ್ನೊಂದು ದಿನದ ಮಗು."

ಅಜ್ಜಿ ಸ್ವಲ್ಪ ಹೊತ್ತು ಸ್ಕ್ರೀನೇ ನೋಡ್ತಿದ್ದರು. "ಹನ್ನೊಂದು ದಿನದ್ದನ್ನೂ ಬರೆದವ್ರಾ?" ಅಂದರು. ಆಮೇಲೆ, "ನಂದೂ ಒಂದು ಹೋಯ್ತಲ್ಲ."

ನನಗೆ ಗೊತ್ತೇ ಇರಲಿಲ್ಲ. ನಮ್ಮ ವಂಶವೃಕ್ಷ ಅಂತ ನಾನೇ ಎಕ್ಸೆಲ್‌ನಲ್ಲಿ ಮಾಡಿಟ್ಟಿದ್ದೆ. ಅದರಲ್ಲಿ ಅಜ್ಜಿಗೆ ನಾಲ್ಕು ಮಕ್ಕಳು, ದೊಡ್ಡಪ್ಪನೇ ಮೊದಲು.

"ನಿಮ್ಮ ದೊಡ್ಡಪ್ಪಂಗಿಂತ ಮುಂಚೆ. ಹೆಣ್ಣು. ಗೌರಿ ಹಬ್ಬ ಆಗಿ ಮೂರನೇ ದಿನ. ಹನ್ನೊಂದಕ್ಕೆ ತೊಟ್ಟಿಲಿಗೆ ಹಾಕೋದು ಅಂತಿತ್ತು, ಒಂಬತ್ತಕ್ಕೇ ಜ್ವರ ಬಂದು ಹೋಯ್ತು. ತೋಟದ ಮೂಲೇಲಿ ಹುಣಸೆ ಮರದ ಕೆಳಗೆ ನಿಮ್ಮ ತಾತ ಮಣ್ಣು ಮಾಡಿ ಬಂದರು. ನನ್ನ ಕರಕೊಂಡು ಹೋಗಲಿಲ್ಲ."

"ಶಾನುಭೋಗರ ಹತ್ರ ಬರೆಸಲಿಲ್ವಾ?"

"ಯಾರು ಬರೆಸ್ತಾರಪ್ಪ? ಹೆಸರೇ ಇಟ್ಟಿರಲಿಲ್ಲ. ನಾನು ಪುಟ್ಟಿ ಅಂತಿದ್ದೆ."

ಜನನ ಮರಣ ನೋಂದಣಿ ಕಾಯ್ದೆ ಬಂದಿದ್ದು 1969ರಲ್ಲಿ. ಪುಟ್ಟಿ ಅದಕ್ಕೂ ಹತ್ತು ವರ್ಷದಷ್ಟು ಹಿಂದಿನವಳು. ಹುಣಸೆ ಮರವೂ ಈಗಿಲ್ಲ. ಅವಳ ದಾಖಲೆ ಇದ್ದದ್ದು ಅಜ್ಜಿಯ ನೆನಪಿನಲ್ಲಿ ಮಾತ್ರ.

ಎಕ್ಸೆಲ್ ತೆಗೆದು ಮೇಲೆ ಒಂದು ಸಾಲು ಸೇರಿಸಿದೆ. ಹೆಸರು: ಪುಟ್ಟಿ. ವಯಸ್ಸು: 9 ದಿನ. ದಿನಾಂಕದ ಜಾಗದಲ್ಲಿ ಪಂಚಾಂಗ ಹುಡುಕಿ ಇಂಗ್ಲಿಷ್ ತಾರೀಖು ಹಾಕಲು ಕೈ ಹೋಯಿತು. ನಿಯಮ ನೆನಪಾಯ್ತು. ಅಜ್ಜಿ ಹೇಳಿದ ಹಾಗೇ ಬರೆದೆ: ಗೌರಿ ಹಬ್ಬ ಆಗಿ ಮೂರನೇ ದಿನ. ವರ್ಷ ಅಜ್ಜಿಗೆ ಸರಿಯಾಗಿ ನೆನಪಿಲ್ಲ. 195 ಬರೆದು, ಕೊನೇ ಅಂಕಿಯ ಜಾಗದಲ್ಲಿ ಅಡಿಗೆರೆ ಹಾಕಿದೆ.

"ಓದು" ಅಂದರು. ಓದಿದೆ. ಸೆರಗಿನಿಂದ ಕಣ್ಣೊರೆಸಿಕೊಂಡು, "ಸರಿಯಾಗಿದೆ" ಅಂತ ಹೇಳಿ ಮಲಗೋಕೆ ಹೋದರು.

ಮಾರನೇ ದಿನ ದೊಡ್ಡಪ್ಪನಿಗೆ ಫೋನ್ ಮಾಡಿ, "ನಿಮ್ಮ ನಂಬರ್ ಎರಡಾಯ್ತು" ಅಂತ ತಮಾಷೆಯಾಗಿ ಶುರುಮಾಡಿದೆ. ಪೂರ್ತಿ ಕೇಳಿಸಿಕೊಂಡು ಸುಮ್ಮನಾದರು. ಅರವತ್ತು ದಾಟಿದ ಮನುಷ್ಯ, ಮನೆಗೆಲ್ಲ ಹಿರಿಯ. "ನಂಗೊಬ್ಳು ಅಕ್ಕ ಇದ್ಲೇನೋ?" ಅಂದರು.

ನಿಮ್ಮ ಮನೆಯ ಹಿರಿಯರನ್ನೂ ಒಮ್ಮೆ ಕೇಳಿ ನೋಡಿ. ಅವರಾಗಿ ಹೇಳೋದಿಲ್ಲ, ನಾವಾಗಿ ಕೇಳೋದಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಬರೆದಿಡಿ. ತಾರೀಖು ಆಮೇಲೂ ಹುಡುಕಬಹುದು.