ಕಿವಿ ಹೇಳುವ ಸುಳ್ಳು

ಮಕ್ಕಳೇ, ಕಣ್ಣು ಮುಚ್ಚಿ ಗಿರಗಿರನೆ ಸುತ್ತಿ ಥಟ್ಟನೆ ನಿಲ್ಲಿ. (ಹಿರಿಯರು ಪಕ್ಕದಲ್ಲಿರಲಿ!) ನಿಂತ ಮೇಲೂ ಸುತ್ತುತ್ತಿರುವಂತೆಯೇ ಅನ್ನಿಸುತ್ತದಲ್ಲವೆ? ಒಳಕಿವಿಯ ನಾಳಗಳಲ್ಲಿರುವ ದ್ರವ ಇನ್ನೂ ನಿಂತಿಲ್ಲ, ಅಷ್ಟೆ.

ಆಕಾಶದಲ್ಲಿ ಇದು ಆಟವಲ್ಲ. ವಿಮಾನ ಒಂದೇ ಸಮನೆ ವಾಲಿ ಸುತ್ತುತ್ತಿದ್ದರೆ ಸ್ವಲ್ಪ ಹೊತ್ತಿನಲ್ಲೇ ಆ ದ್ರವವೂ ಜೊತೆಗೇ ಸುತ್ತತೊಡಗುತ್ತದೆ. ಆಗ ನೆಟ್ಟಗೆ ಹೋಗುತ್ತಿದ್ದೇವೆಂದೇ ಕಿವಿ ಮಿದುಳಿಗೆ ತಿಳಿಸುತ್ತದೆ. ಹಗಲಾದರೆ ದಿಗಂತ ನೋಡಿ ತಿದ್ದಿಕೊಳ್ಳಬಹುದು.

1999ರ ಜುಲೈ 16ರ ರಾತ್ರಿ, ಅಮೆರಿಕದ ಅಧ್ಯಕ್ಷರಾಗಿದ್ದ ಕೆನಡಿಯವರ ಮಗ ಜಾನ್ ತಮ್ಮ ಒಂಟಿ ಎಂಜಿನ್ನಿನ ಪೈಪರ್ ವಿಮಾನವನ್ನು ತಾವೇ ಹಾರಿಸುತ್ತಿದ್ದರು. ಕೆಳಗೆ ಅಟ್ಲಾಂಟಿಕ್ ಸಾಗರ, ಸುತ್ತ ಕತ್ತಲೆ, ಮಬ್ಬು. ಮೇಲು-ಕೆಳಗು ತಿಳಿಯದ ಗೊಂದಲದಲ್ಲಿ ಹತೋಟಿ ತಪ್ಪಿತೆಂದು ತನಿಖೆ ತೀರ್ಮಾನಿಸಿತು. ಅವರು, ಪತ್ನಿ, ಪತ್ನಿಯ ಅಕ್ಕ ಮೂವರೂ ತೀರಿಕೊಂಡರು. ಯಂತ್ರದಲ್ಲಿ ದೋಷವೇನೂ ಸಿಗಲಿಲ್ಲ. ಉಪಕರಣಗಳನ್ನಷ್ಟೇ ನಂಬಿ ಹಾರಿಸುವ ತರಬೇತಿಗೆ ಜಾನ್ ಸೇರಿದ್ದರು, ಮುಗಿಸಿರಲಿಲ್ಲ.